ಪೊರೆ ಕಳಚುವ ಜೀವಿಗಳು: ಮಲೆನಾಡಿನ ಅಂಗಳದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆಗಾಲ ಶುರುವಾಗುವ ಮುಂಚೆ ಒಂದೆರಡು ಅಡ್ಡಮಳೆ ಬಿದ್ದರೆ ಸಾಕು, ತೀರ್ಥಹಳ್ಳಿ ಕಡೆಯ ನಮ್ಮ ತೋಟದ ಅಡಿಕೆ ಮರಗಳ ಬುಡದಲ್ಲಿ ಕಂದು ಕಾಗದದಂಥ ಖಾಲಿ ಹುಳುಗಳು ಕಚ್ಚಿಕೊಂಡು ನಿಂತಿರುತ್ತವೆ. ಅಕ್ಕಪಕ್ಕದ ಮನೆಯ ಮಕ್ಕಳು ಅವನ್ನು ಬಿಡಿಸಿ ಅಂಗಿಯ ಮೇಲೆ ಪದಕದಂತೆ ಸಿಕ್ಕಿಸಿಕೊಂಡು ನಮ್ಮ ಜಗುಲಿಗೆ ಬರುತ್ತಾರೆ. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದವರನ್ನು ನಿವೃತ್ತಿಯಾದ ಮೇಲೂ ಊರು ಬಿಡುವುದಿಲ್ಲ. ಮಕ್ಕಳ ಹಿಂದೆ ಅವರ ಅಪ್ಪಂದಿರು ಬರುತ್ತಾರೆ, ಮೆಣಸಿನ ಬಳ್ಳಿ ಒಣಗಿದವರು ಬರುತ್ತಾರೆ, ಉಣುಗಿನ ಭಯದವರು ಬರುತ್ತಾರೆ. ಹಾಗೆ ಕೇಳಿದ ಪ್ರಶ್ನೆಗಳನ್ನೂ ನಾನು ಕೊಟ್ಟ ಉತ್ತರಗಳನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಮರಕ್ಕೆ ಅಂಟಿಕೊಂಡಿರುವ ಈ ಹುಳು ಸತ್ತದ್ದೇ?

ಸತ್ತದ್ದಲ್ಲ, ಬಿಟ್ಟು ಹೋದದ್ದು. ಇದು ಜೀರುಂಡೆಯ ಕೊನೆಯ ಪೊರೆ. ಜೀರುಂಡೆ ಎಂಬ ಹೆಸರನ್ನು ನಮ್ಮಲ್ಲಿ ನಾಲ್ಕಾರು ಕೀಟಗಳಿಗೆ ಹಂಚಿಬಿಟ್ಟಿದ್ದೇವೆ. ನಾನು ಹೇಳುತ್ತಿರುವುದು ಮಳೆಗೆ ಮುಂಚೆ ಕಾಡಿನ ಮರಗಳ ಮೇಲೆ ಕುಳಿತು ಕಿವಿ ಕಿತ್ತುಹೋಗುವ ಹಾಗೆ ಕೂಗುವ ಕೀಟದ ಬಗ್ಗೆ. ಅದರ ಮರಿ ಮಣ್ಣಿನೊಳಗೆ ಬೇರಿನ ರಸ ಹೀರುತ್ತಾ ವರ್ಷಗಟ್ಟಲೆ ಬೆಳೆಯುತ್ತದೆ. ಕೊನೆಗೊಂದು ರಾತ್ರಿ ಮೇಲೆ ಬಂದು, ಸಿಕ್ಕ ಕಾಂಡವನ್ನು ಹತ್ತಿ, ಉಗುರು ಊರಿ ನಿಲ್ಲುತ್ತದೆ. ಬೆನ್ನು ಸೀಳುತ್ತದೆ, ಒಳಗಿನಿಂದ ರೆಕ್ಕೆಯ ಜೀರುಂಡೆ ಹೊರಬರುತ್ತದೆ.

ಕೈಯಲ್ಲಿರುವ ಪೊರೆಯನ್ನು ಬೆಳಕಿಗೆ ಹಿಡಿದು ನೋಡಿ. ಮುಂಗಾಲುಗಳು ಪುಟ್ಟ ಗುದ್ದಲಿಗಳ ಹಾಗಿವೆ, ಅವುಗಳ ಸಂದಿಯಲ್ಲಿ ಇನ್ನೂ ಕೆಮ್ಮಣ್ಣು ಉಳಿದಿದೆ. ಕಣ್ಣಿನ ಮೇಲಿನ ಪೊರೆ ಗಾಜಿನಂತೆ ಪಾರದರ್ಶಕ. ಬೆನ್ನಿನ ಸೀಳಿನೊಳಗೆ ಇಣುಕಿದರೆ ನಾಲ್ಕಾರು ಬಿಳಿ ದಾರದ ಎಳೆಗಳು ಕಾಣುತ್ತವೆ. ಹೆಚ್ಚಿನವರು ಅದನ್ನು ಜೇಡರ ಬಲೆ ಎಂದುಕೊಂಡು ಊದಿಬಿಡುತ್ತಾರೆ. ಅವು ಜೀರುಂಡೆಯ ಉಸಿರಾಟದ ನಳಿಕೆಗಳ ಒಳಪದರ. ಮೈಯ ಹೊರಗಿನದನ್ನು ಮಾತ್ರವಲ್ಲ, ಉಸಿರಿನ ಕೊಳವೆಯ ಅಸ್ತರಿಯನ್ನೂ ಅದು ಎಳೆದು ತೆಗೆದು ಹೋಗಿದೆ. ಪೊರೆ ಕಳಚುವುದೆಂದರೆ ಅಂಗಿ ಬದಲಾಯಿಸಿದಷ್ಟು ಸಲೀಸು ಎಂದು ತಿಳಿದವರಿಗೆ ನಾನು ಮೊದಲು ಈ ದಾರಗಳನ್ನು ತೋರಿಸುತ್ತೇನೆ.

ಹೀಗೆ ಪೊರೆ ಕಳಚುವ ಪ್ರಾಣಿಗಳು ಯಾವುವು?

ಕೀಟಗಳು, ಜೇಡಗಳು, ಚೇಳು, ಉಣುಗು, ಏಡಿ, ಸಿಗಡಿ, ಜರಿ, ಸಹಸ್ರಪದಿ. ಇವೆಲ್ಲ ಸಂಧಿಪದಿಗಳು. ಇವುಗಳ ಜೊತೆಗೆ ದುಂಡುಹುಳುಗಳಿವೆ. ಮಕ್ಕಳ ಹೊಟ್ಟೆಯ ಜಂತುಹುಳು, ಮೆಣಸಿನ ಬೇರಿನೊಳಗಿನ ಕಣ್ಣಿಗೆ ಕಾಣದ ಹುಳು ಎರಡೂ ಈ ಬಳಗದವು. ಇನ್ನೂ ಕೆಲವು ಅಪರೂಪದ ನೆಂಟರಿದ್ದಾರೆ: ಪಾಚಿಯಲ್ಲಿ ವಾಸಿಸುವ ನೀರುಕರಡಿ, ಮಿಡತೆ ಮತ್ತು ಸೂರ್ಯನ ಕುದುರೆಯ ಹೊಟ್ಟೆಯೊಳಗೆ ಬೆಳೆದು ಕೊನೆಗೆ ನೀರಿಗೆ ಇಳಿಯುವ ಕೂದಲಿನಂಥ ಹುಳು, ಮಖಮಲ್ಲಿನ ಮೈಯ ಕಾಲುಹುಳು, ಸಮುದ್ರದ ಕೆಸರಿನಲ್ಲಿ ಅಡಗಿರುವ ಮೂರು ಸಣ್ಣ ಗುಂಪುಗಳು. ಒಟ್ಟು ಎಂಟು ವಂಶಗಳು. ಇಡೀ ಬಳಗಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ಎಕ್ಡೈಸೋಜೋವಾ. ಗ್ರೀಕಿನಲ್ಲಿ ಎಕ್ಡೈಸಿಸ್ ಎಂದರೆ ಉಟ್ಟದ್ದನ್ನು ಕಳಚುವುದು.

ಹೆಸರು ಬಾಯಿಗೆ ಒಗ್ಗದಿದ್ದರೂ ಚಿಂತೆಯಿಲ್ಲ. ಹೆಸರಿಟ್ಟು ವಿವರಿಸಿರುವ ಕೀಟಗಳ ಜಾತಿಗಳೇ ಹತ್ತು ಲಕ್ಷ ಮೀರುತ್ತವೆ. ಭೂಮಿಯ ಪ್ರಾಣಿಜಾತಿಗಳಲ್ಲಿ ಬಹುಪಾಲು ಈ ಬಳಗದ್ದೇ.

ಮಖಮಲ್ಲಿನ ಕಾಲುಹುಳು ನಮ್ಮ ಕಾಡಿನಲ್ಲಿ ಸಿಗುತ್ತದೆಯೇ?

ನಾನು ಆಗುಂಬೆಯ ಕೊಳೆತ ದಿಮ್ಮಿಗಳ ಕೆಳಗೆಲ್ಲ ಆಸೆಯಿಂದ ಕಣ್ಣಾಡಿಸಿದ್ದೇನೆ, ಸಿಕ್ಕಿದ್ದು ಜರಿಗಳು. ಭಾರತದ ಕಾಲುಹುಳು ಅರುಣಾಚಲ ಪ್ರದೇಶದ ಸಿಯಾಂಗ್ ಕಣಿವೆಯದು. ಅಲ್ಲಿಯೂ ಅದು 1911ರಲ್ಲಿ ಒಮ್ಮೆ ಸಿಕ್ಕಿ, ಮತ್ತೆ ಕಣ್ಣಿಗೆ ಬೀಳಲು ನೂರಕ್ಕೂ ಹೆಚ್ಚು ವರ್ಷ ತೆಗೆದುಕೊಂಡಿತು.

ಹಾವೂ ಪೊರೆ ಬಿಡುತ್ತದಲ್ಲ, ಅದೂ ಇದೇ ಗುಂಪೇ?

ಅಲ್ಲ. ಹಾವಿಗೆ ಒಳಗೆ ಮೂಳೆಯ ಗೂಡಿದೆ. ಅದು ಬಿಡುವುದು ಚರ್ಮದ ಮೇಲಿನ ಸತ್ತ ಪದರವನ್ನು ಮಾತ್ರ. ಏಡಿಗೂ ಚೇಳಿಗೂ ಅಸ್ಥಿಪಂಜರವೇ ಹೊರಗಿದೆ, ಸ್ನಾಯುಗಳೆಲ್ಲ ಆ ಕವಚಕ್ಕೇ ಅಂಟಿಕೊಂಡಿವೆ. ಹಾವು ಪೊರೆ ಬಿಟ್ಟ ಗಳಿಗೆಯಲ್ಲೇ ಹರಿದು ಹೋಗಬಲ್ಲದು. ಏಡಿ ಕವಚ ಬಿಟ್ಟ ಗಳಿಗೆಯಲ್ಲಿ ನೆಟ್ಟಗೆ ನಿಲ್ಲಲೂ ಆಗದೆ ತೂರಾಡುತ್ತದೆ.

ಹಾಗಾದರೆ ಎರೆಹುಳು, ಉಂಬಳ, ಬಸವನಹುಳು?

ಮೂರೂ ಹೊರಗಿನವು. ಬಸವನಹುಳು ತನ್ನ ಚಿಪ್ಪಿನ ಬಾಯಂಚಿಗೆ ಸುಣ್ಣ ಸೇರಿಸುತ್ತಾ ಮನೆಯನ್ನು ವಿಸ್ತರಿಸಿಕೊಳ್ಳುತ್ತದೆ, ಬಿಟ್ಟು ಹೋಗುವ ಪ್ರಶ್ನೆಯೇ ಇಲ್ಲ. ಉಂಬಳದ ಮೈಯಿಂದ ಆಗಾಗ ಲೋಳೆಯಂಥ ತೆಳು ಪದರ ಜಾರುವುದುಂಟು, ಆದರೆ ಅದು ಕವಚವಲ್ಲ.

ಎರೆಹುಳುವಿನದು ಮಾತ್ರ ಸ್ವಾರಸ್ಯದ ಕಥೆ. ಎರೆಹುಳುವಿಗೆ ಮೈತುಂಬ ಉಂಗುರಗಳಿವೆ, ಜರಿಗೂ ಉಂಗುರಗಳಿವೆ. ಆದ್ದರಿಂದ ಇವೆರಡೂ ಹತ್ತಿರದ ಸಂಬಂಧಿಗಳು ಎಂದು ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಕುವಿಯೇ ಹೇಳಿದ್ದ. ಆ ಮಾತು ಹೆಚ್ಚುಕಡಿಮೆ ಇನ್ನೂರು ವರ್ಷ ನಿಂತಿತು. ನಾನೂ ತರಗತಿಯಲ್ಲಿ ಅದನ್ನೇ ಕಲಿಸಿದ್ದೇನೆ, ಕಪ್ಪುಹಲಗೆಯ ಮೇಲೆ ಎರಡರ ಚಿತ್ರವನ್ನೂ ಅಕ್ಕಪಕ್ಕ ಬರೆದು. 1997ರಲ್ಲಿ ಆಗಿನಾಲ್ಡೊ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಪ್ರಾಣಿಗಳ ರೈಬೋಸೋಮಿನ (ಕೋಶದೊಳಗೆ ಪ್ರೋಟೀನು ತಯಾರಿಸುವ ಕಣ) ಒಂದು ವಂಶವಾಹಿಯ ಅಕ್ಷರಗಳನ್ನು ಹೋಲಿಸಿ ನೋಡಿದಾಗ ಜರಿಯ ಪಕ್ಕದಲ್ಲಿ ಬಂದು ನಿಂತದ್ದು ಎರೆಹುಳುವಲ್ಲ, ಉಂಗುರವೇ ಇಲ್ಲದ ದುಂಡುಹುಳು. ಎರೆಹುಳು ಬಸವನಹುಳುವಿನ ಕಡೆಗೆ ಹೋಯಿತು. ಉಂಗುರಗಳ ಸಾಕ್ಷಿಗಿಂತ ಪೊರೆ ಕಳಚುವ ಅಭ್ಯಾಸದ ಸಾಕ್ಷಿ ಗಟ್ಟಿಯಾಗಿತ್ತು. ಮೊದಲಿಗೆ ಬಹಳ ಜನ ಒಪ್ಪಲಿಲ್ಲ. ಈಗ ಪಠ್ಯಗಳೆಲ್ಲ ಬದಲಾಗಿವೆ. ನನ್ನ ಹಳೆಯ ವಿದ್ಯಾರ್ಥಿಗಳಿಗೆ ಈ ತಿದ್ದುಪಡಿ ಇಲ್ಲಿಂದಲೇ ತಲುಪಲಿ.

ಮೈ ಬೆಳೆದ ಹಾಗೆ ಕವಚವೂ ಬೆಳೆಯಬಾರದೇ?

ಕವಚ ಜೀವಂತ ಅಂಗಾಂಶವಲ್ಲ. ಚರ್ಮದ ಕೋಶಗಳು ಹೊರಗೆ ಸ್ರವಿಸಿ ಗಟ್ಟಿಯಾದದ್ದು ಅದು. ಗಟ್ಟಿಯಾದ ಮೇಲೆ ಅಲ್ಪಸ್ವಲ್ಪ ಹಿಗ್ಗಬಹುದು, ಬೆಳೆಯಲಾರದು. ಆದ್ದರಿಂದ ಈ ಜೀವಿಗಳು ನಮ್ಮ ಮಕ್ಕಳಂತೆ ದಿನದಿನಕ್ಕೆ ಉದ್ದವಾಗುವುದಿಲ್ಲ, ಮೆಟ್ಟಿಲು ಹತ್ತುತ್ತವೆ. ಕಂಬಳಿಹುಳುವಿನ ತಲೆಯ ಅಗಲವನ್ನು ಅಳೆಯುತ್ತಾ ಹೋದರೆ ಪ್ರತಿ ಪೊರೆಗೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹೆಚ್ಚಿರುವುದು ಕಾಣುತ್ತದೆ. 1890ರಲ್ಲಿ ಡಯರ್ ಎಂಬ ಕೀಟತಜ್ಞ ಇದನ್ನು ಗುರುತಿಸಿದ. ಎಲೆಯ ಮೇಲೆ ಬಿದ್ದ ತಲೆಚಿಪ್ಪನ್ನು ಅಳೆದೇ ಹುಳು ಎಷ್ಟನೆಯ ಹಂತದಲ್ಲಿದೆ ಎಂದು ಹೇಳುವವರಿದ್ದಾರೆ.

ಕಳಚುವಾಗ ಒಳಗೆ ಏನು ನಡೆಯುತ್ತದೆ?

ಇದಕ್ಕೆ ರೇಷ್ಮೆ ಹುಳುವಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ರಾಮನಗರ, ಕೋಲಾರದ ಕಡೆಯ ಬೆಳೆಗಾರರು ಹುಳು ಪೊರೆಗೆ ಕೂರುವುದನ್ನು ‘ಜ್ವರ’ ಎನ್ನುತ್ತಾರೆ. ಮೊದಲನೆಯ ಜ್ವರ, ಎರಡನೆಯ ಜ್ವರ, ಹೀಗೆ ನಾಲ್ಕು. ನನ್ನ ಸೋದರಮಾವನ ಮಗಳನ್ನು ಆ ಕಡೆ ಕೊಟ್ಟಿದ್ದಾರೆ. ಅವರ ಮನೆಗೆ ಹೋದಾಗ ಹಿಪ್ಪುನೇರಳೆ ಸೊಪ್ಪನ್ನು ಮಳೆ ಸುರಿದಂಥ ಸದ್ದಿನಲ್ಲಿ ತಿನ್ನುತ್ತಿದ್ದ ತಟ್ಟೆಗಳು ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಮೌನವಾಗಿದ್ದವು. ಹುಳುಗಳೆಲ್ಲ ತಲೆಯನ್ನು ಮೇಲೆತ್ತಿ, ಧ್ಯಾನಕ್ಕೆ ಕುಳಿತವರಂತೆ ಅಲುಗಾಡದೆ ಇದ್ದವು. ‘ಜ್ವರಕ್ಕೆ ಕೂತಿವೆ ಅಣ್ಣ, ಈಗ ಸೊಪ್ಪು ಹಾಕಬಾರದು’ ಎಂದಳು. ತಟ್ಟೆ ಒಣಗಿರಲಿ ಎಂದು ಮೇಲೆ ಸುಣ್ಣದ ಪುಡಿ ಉದುರಿಸಿದ್ದರು.

ಹೊರಗೆ ಮೌನವಿದ್ದರೂ ಒಳಗೆ ಬಿಡುವಿಲ್ಲದ ಕೆಲಸ. ಅಡಿಕೆಯ ಹಾಳೆ ಬೀಳುವುದಕ್ಕೆ ಮುಂಚೆ ಮರದಿಂದ ಸಡಿಲಾಗುವುದಿಲ್ಲವೇ, ಹಾಗೆ ಮೊದಲು ಚರ್ಮದ ಕೋಶಗಳು ಹಳೆಯ ಕವಚದಿಂದ ಬಿಡಿಸಿಕೊಳ್ಳುತ್ತವೆ. ನಡುವೆ ಉಂಟಾದ ಸಂದಿಗೆ ಒಂದು ದ್ರವ ಇಳಿಯುತ್ತದೆ. ಅದರಲ್ಲಿ ಕವಚವನ್ನು ಕರಗಿಸುವ ಕಿಣ್ವಗಳಿವೆ, ಆದರೆ ಅವು ಇನ್ನೂ ನಿಷ್ಕ್ರಿಯ. ಕೋಶಗಳು ಹೊಸ ಕವಚದ ಹೊರಪದರವನ್ನು ಹಾಸಿಕೊಂಡು ಭದ್ರವಾದ ಮೇಲೆ ಕಿಣ್ವಗಳು ಎಚ್ಚರಗೊಳ್ಳುತ್ತವೆ. ಅವು ಹಳೆಯ ಕವಚದ ಒಳಭಾಗವನ್ನು ಜೀರ್ಣಿಸುತ್ತವೆ. ಕರಗಿದ್ದನ್ನು ಮೈ ಮತ್ತೆ ಹೀರಿಕೊಂಡು ಹೊಸ ಕವಚಕ್ಕೆ ಬಳಸುತ್ತದೆ. ಹಳೆಯ ಮನೆಯ ತೊಲೆ, ಹೆಂಚು ಇಳಿಸಿ ಹೊಸ ಮನೆಗೆ ಹಾಕುವ ನಮ್ಮ ಕಡೆಯ ಪದ್ಧತಿಯೇ ಇದು. ಆದ್ದರಿಂದಲೇ ಬಿಟ್ಟು ಹೋದ ಪೊರೆ ಅಷ್ಟು ಹಗುರ.

ಆಮೇಲೆ ಪ್ರಾಣಿ ಗಾಳಿಯನ್ನೋ ನೀರನ್ನೋ ನುಂಗಿ ಮೈ ಉಬ್ಬಿಸುತ್ತದೆ. ಬೆನ್ನಿನ ಮೇಲೆ ಮೊದಲೇ ತೆಳುವಾಗಿದ್ದ ಗೆರೆಯಲ್ಲಿ ಕವಚ ಸೀಳುತ್ತದೆ. ಹೊರಬಂದಾಗ ಹೊಸ ಕವಚ ಬಿಳಿಚಿಕೊಂಡು, ಸುಕ್ಕುಸುಕ್ಕಾಗಿ, ಒದ್ದೆ ಕಾಗದದಂತಿರುತ್ತದೆ. ಇನ್ನಷ್ಟು ಉಬ್ಬಿಸಿ ಆ ಸುಕ್ಕನ್ನು ಬಿಡಿಸಿಕೊಳ್ಳಬೇಕು. ಗಟ್ಟಿಯಾಗುವ ಮುಂಚಿನ ಈ ಸ್ವಲ್ಪ ಹೊತ್ತೇ ಅದಕ್ಕೆ ದೊಡ್ಡದಾಗಲು ಸಿಗುವ ಅವಕಾಶ. ನಂತರ ಕವಚದ ಪ್ರೋಟೀನುಗಳು ಒಂದಕ್ಕೊಂದು ಬೆಸೆದುಕೊಂಡು, ಚರ್ಮ ಹದ ಮಾಡಿದ ಹಾಗೆ, ಕಪ್ಪಾಗಿ ಬಿಗಿಯುತ್ತವೆ. ಏಡಿ, ಸಿಗಡಿಗಳಲ್ಲಿ ಇದರ ಮೇಲೆ ಸುಣ್ಣವೂ ಕೂರುತ್ತದೆ.

ಮೊಟ್ಟೆಯಿಂದ ಹೊರಟ ರೇಷ್ಮೆ ಹುಳು ನಾಲ್ಕು ಜ್ವರ ಮುಗಿಸಿ ಗೂಡು ಕಟ್ಟುವ ಹೊತ್ತಿಗೆ ತೂಕದಲ್ಲಿ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚಿರುತ್ತದೆ.

ಪೊರೆ ಕಳಚುವ ಹೊತ್ತು ಬಂತೆಂದು ಪ್ರಾಣಿಗೆ ತಿಳಿಯುವುದು ಹೇಗೆ?

ಹಾರ್ಮೋನಿನಿಂದ. 1920ರ ಆಸುಪಾಸಿನಲ್ಲಿ ಪೋಲೆಂಡಿನ ಸ್ಟೆಫಾನ್ ಕೊಪೆಚ್ ಕಂಬಳಿಹುಳುವಿನ ನಡುವಿಗೆ ದಾರ ಬಿಗಿದು ಕಟ್ಟಿದ. ಸರಿಯಾದ ಹೊತ್ತು ನೋಡಿ ಕಟ್ಟಿದರೆ ಮುಂದಿನ ಅರ್ಧ ಕೋಶಾವಸ್ಥೆಗೆ ತಿರುಗಿತು, ಹಿಂದಿನ ಅರ್ಧ ಹುಳುವಾಗಿಯೇ ಉಳಿಯಿತು. ತಲೆಯ ಕಡೆಯಿಂದ ರಕ್ತದಲ್ಲಿ ಏನೋ ಇಳಿದು ಬರುತ್ತದೆ ಎಂಬುದು ಅಲ್ಲಿಗೆ ಖಚಿತವಾಯಿತು. ಅದೇನೆಂದು ಕೈಗೆ ಸಿಕ್ಕಿದ್ದು 1954ರಲ್ಲಿ. ಜರ್ಮನಿಯ ಬ್ಯುಟೆನಾಂಟ್ ಮತ್ತು ಕಾರ್ಲ್‌ಸನ್ ಕೋಶಾವಸ್ಥೆಯಲ್ಲಿದ್ದ 500 ಕಿಲೋ ರೇಷ್ಮೆ ಹುಳುಗಳನ್ನು ಅರೆದು, ಬಸಿದು, ಶೋಧಿಸಿ ಕೊನೆಗೆ ಪಡೆದದ್ದು 25 ಮಿಲಿಗ್ರಾಂ ಹರಳು. ಅದಕ್ಕೆ ಎಕ್ಡೈಸೋನ್ ಎಂದು ಹೆಸರಿಟ್ಟರು.

ಕೀಟದಲ್ಲಿ ಮಿದುಳು ಎದೆಯ ಗ್ರಂಥಿಗೆ ಸೂಚನೆ ಕೊಡುತ್ತದೆ, ಆ ಗ್ರಂಥಿ ಎಕ್ಡೈಸೋನ್ ಬಿಡುತ್ತದೆ. ಜೊತೆಗೆ ಬಾಲ್ಯದ ಹಾರ್ಮೋನ್ ಎಂಬುದೊಂದಿದೆ. ಅದು ಧಾರಾಳವಾಗಿದ್ದರೆ ಪೊರೆ ಕಳಚಿದ ಮೇಲೂ ಮತ್ತೆ ಮರಿಹುಳುವೇ. ಅದು ಕಡಿಮೆಯಾದಾಗ ರೂಪ ಬದಲಾಗುತ್ತದೆ. ಏಡಿ, ಸಿಗಡಿಗಳಲ್ಲಿ ಏರ್ಪಾಡು ಬೇರೆ: ಕಣ್ಣಿನ ತೊಟ್ಟಿನಲ್ಲಿ ಪೊರೆಯನ್ನು ತಡೆಹಿಡಿಯುವ ಹಾರ್ಮೋನ್ ತಯಾರಾಗುತ್ತದೆ, ಆ ತಡೆ ಸಡಿಲಿದಾಗ ಪೊರೆಯ ಕೆಲಸ ಶುರುವಾಗುತ್ತದೆ.

ಇನ್ನೊಂದು ಸಂಗತಿ. ಎಕ್ಡೈಸೋನ್ ಕೊಲೆಸ್ಟರಾಲ್‌ನಂಥ ಸ್ಟೆರಾಲ್‌ನಿಂದ ಆಗುವಂಥದ್ದು. ಕೀಟಗಳಿಗಾಗಲಿ ದುಂಡುಹುಳುಗಳಿಗಾಗಲಿ ಸ್ಟೆರಾಲ್ ತಯಾರಿಸಲು ಬರುವುದಿಲ್ಲ, ಆಹಾರದಿಂದಲೇ ಸಿಗಬೇಕು. ನಮಗೆ ವೈದ್ಯರು ಬೇಡ ಎನ್ನುವ ಕೊಲೆಸ್ಟರಾಲ್ ಅವಕ್ಕೆ ಸಿಗದಿದ್ದರೆ ಪೊರೆಯೂ ಇಲ್ಲ, ಬೆಳವಣಿಗೆಯೂ ಇಲ್ಲ.

ಗದ್ದೆಯ ಏಡಿ ಕೆಲವೊಮ್ಮೆ ಮೆತ್ತಗೆ ಸಿಗುತ್ತದೆ. ಅದಕ್ಕೆ ರೋಗವೇ?

ರೋಗವಲ್ಲ, ಹೊಸದು. ನನಗೆ ಒಂಬತ್ತೋ ಹತ್ತೋ ವರ್ಷವಿದ್ದಾಗ ಗದ್ದೆಯ ಅಂಚಿನಲ್ಲಿ ಒಂದು ಏಡಿ ಹಿಡಿದು ಕೊಟ್ಟಿಗೆಯ ಪಕ್ಕದ ಕಲ್ಲಿನ ಮರಿಗೆಯಲ್ಲಿ ಬಿಟ್ಟಿದ್ದೆ. ಅದಕ್ಕೆ ಒಂದು ಕೊಂಡಿ ಇರಲಿಲ್ಲ. ನಾಲ್ಕೈದು ದಿನ ಅನ್ನ ಹಾಕಿದರೂ ಮುಟ್ಟಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಮರಿಗೆಯಲ್ಲಿ ಎರಡು ಏಡಿ. ಕೂಗಿಕೊಂಡು ಅಜ್ಜಿಯನ್ನು ಕರೆತಂದೆ. ಅಜ್ಜಿ ಬಗ್ಗಿ ನೋಡಿ, ‘ಒಂದು ಖಾಲಿ, ಒಂದು ತುಂಬಿದ್ದು. ಮುಟ್ಟಿ ನೋಡು ಪುಟ್ಟ’ ಎಂದರು. ಖಾಲಿಯದಕ್ಕೆ ಕಾಲು, ಕಣ್ಣಿನ ಗುಬುಟು, ಬಾಯಿಯ ಸಣ್ಣ ಕಡ್ಡಿಗಳು ಎಲ್ಲವೂ ಇದ್ದವು. ಬೆನ್ನಿನ ಚಿಪ್ಪು ಹಿಂದಿನಿಂದ ಪೆಟ್ಟಿಗೆಯ ಮುಚ್ಚಳದಂತೆ ತೆರೆದಿತ್ತು. ತುಂಬಿದ್ದು ಬೆಣ್ಣೆಯ ಹಾಗೆ ಮೆತ್ತಗಿತ್ತು, ಮತ್ತು ಕೊಂಡಿ ಇಲ್ಲದ ಜಾಗದಲ್ಲಿ ಬೆರಳುಗುರಿನಷ್ಟು ಹೊಸ ಕೊಂಡಿ ಮೂಡಿತ್ತು.

ಏಡಿ ಮುರಿದ ಕಾಲನ್ನು ಮರಳಿ ಪಡೆಯುವುದು ಪೊರೆ ಕಳಚಿದಾಗಲೇ. ಒಳಗೆ ಮಡಚಿಕೊಂಡು ಬೆಳೆದ ಮೊಳಕೆ ಆಗ ಬಿಚ್ಚಿಕೊಳ್ಳುತ್ತದೆ. ಮೊದಲ ಸಲ ಸಣ್ಣದು, ಮುಂದಿನ ಪೊರೆಗಳಲ್ಲಿ ಸರಿಯಾದ ಅಳತೆಗೆ ಬರುತ್ತದೆ. ಅಷ್ಟು ದಪ್ಪ ಕೊಂಡಿಯ ಮಾಂಸವನ್ನು ಕಿರಿದಾದ ಕೀಲಿನ ಮೂಲಕ ಎಳೆದುಕೊಳ್ಳುವುದು ಹೇಗೆ ಎಂದು ಬಹಳ ಜನ ಕೇಳುತ್ತಾರೆ. ಪೊರೆಗೆ ಮುಂಚೆಯೇ ಕೊಂಡಿಯ ಸ್ನಾಯು ಸಾಕಷ್ಟು ಸವೆದು ಸಣ್ಣದಾಗಿರುತ್ತದೆ, ಹೊರಬಂದ ಮೇಲೆ ಮತ್ತೆ ತುಂಬಿಕೊಳ್ಳುತ್ತದೆ. ಹಳೆಯ ಕವಚದ ಸುಣ್ಣದಲ್ಲಿ ಒಂದಂಶವನ್ನು ಏಡಿ ಮೊದಲೇ ರಕ್ತಕ್ಕೆ ಎಳೆದುಕೊಂಡಿರುತ್ತದೆ. ಹಲವು ಏಡಿಗಳು ಕಳಚಿದ ಕವಚವನ್ನೂ ತಿನ್ನುತ್ತವೆ.

ನನ್ನ ಏಡಿಯ ಕಥೆ ಮುಗಿದದ್ದು ಚೆನ್ನಾಗಿಲ್ಲ. ಜೊತೆಗಿರಲಿ ಎಂದು ಅದೇ ಮಧ್ಯಾಹ್ನ ಇನ್ನೊಂದು ಗಟ್ಟಿ ಏಡಿಯನ್ನು ಮರಿಗೆಗೆ ಬಿಟ್ಟೆ. ಸಂಜೆ ಹೊತ್ತಿಗೆ ಆ ಗಟ್ಟಿ ಏಡಿ ಒಂದೇ ಉಳಿದಿತ್ತು, ಸುತ್ತ ಮೂರು ಮೆತ್ತನೆಯ ಕಾಲುಗಳು.

ಮನೆಯಲ್ಲಿ ಬಿಳಿ ಜಿರಲೆ ಕಂಡಿತು. ಅಪರೂಪದ ಜಾತಿಯೇ?

ಅದೇ ಹಳೆಯ ಜಿರಲೆ, ಆಗಷ್ಟೇ ಪೊರೆ ಬಿಟ್ಟದ್ದು. ಕೆಲವು ಗಂಟೆ ಬಿಟ್ಟು ನೋಡಿ, ಕಂದಾಗಿರುತ್ತದೆ. ಅಷ್ಟು ಹೊತ್ತು ಕಾಯುವ ಔದಾರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಮಂಗನ ಕಾಯಿಲೆಗೂ ಪೊರೆಗೂ ಏನಾದರೂ ಸಂಬಂಧವಿದೆಯೇ?

ಇದೆ, ಮತ್ತು ನಮ್ಮ ಜಿಲ್ಲೆಯವರಿಗೆ ಇಡೀ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಜನರಿಗೆ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ ಅನ್ನು ಗುರುತಿಸಿದರು. ಅದನ್ನು ಹರಡುವುದು ಉಣುಗು, ಮುಖ್ಯವಾಗಿ ಹಿಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿ.

ಉಣುಗಿನ ಬಾಳು ಮೂರು ಊಟ, ಎರಡು ಪೊರೆ. ಮೊಟ್ಟೆಯಿಂದ ಆರು ಕಾಲಿನ ಸಾಸಿವೆಗಿಂತ ಚಿಕ್ಕ ಮರಿ ಹೊರಬರುತ್ತದೆ. ಇಲಿಯನ್ನೋ ಹಕ್ಕಿಯನ್ನೋ ಹಿಡಿದು ಒಮ್ಮೆ ರಕ್ತ ಹೀರಿ ನೆಲಕ್ಕೆ ಉದುರುತ್ತದೆ. ತರಗೆಲೆಯ ಅಡಿಯಲ್ಲಿ ಪೊರೆ ಕಳಚಿ ಎಂಟು ಕಾಲಿನ ನಡುಹಂತಕ್ಕೆ ಬರುತ್ತದೆ. ನಮ್ಮ ಕೃಷಿ ಪುಸ್ತಕಗಳು ಕೀಟಗಳ ಇಂಥ ಹಂತಕ್ಕೆ ‘ಅಪ್ಸರೆ’ ಎನ್ನುತ್ತವೆ. ಉಣುಗಿಗೂ ಆ ಹೆಸರನ್ನು ಕೊಡಲು ನನಗೆ ಮನಸ್ಸು ಬಾರದು. ಈ ನಡುಹಂತದ್ದು ಎರಡನೆಯ ಸಲ ರಕ್ತ ಕುಡಿದು, ಮತ್ತೆ ಉದುರಿ, ಮತ್ತೆ ಪೊರೆ ಕಳಚಿ ದೊಡ್ಡ ಉಣುಗಾಗುತ್ತದೆ. ಅದು ಹೆಚ್ಚಾಗಿ ದನಕರುಗಳಂಥ ದೊಡ್ಡ ಪ್ರಾಣಿಗಳನ್ನು ಹಿಡಿಯುತ್ತದೆ.

ಮರಿಯಾಗಿದ್ದಾಗ ರಕ್ತದೊಂದಿಗೆ ಸೇರಿದ ವೈರಸ್ ಪೊರೆ ಕಳಚಿದರೂ ಹೋಗುವುದಿಲ್ಲ. ಹೊರಕವಚ ಹೊಸದಾಗುತ್ತದೆ, ಒಳಗಿನ ಅಂಗಗಳು ಮರುರೂಪ ಪಡೆಯುತ್ತವೆ, ವೈರಸ್ ಮಾತ್ರ ಮುಂದಿನ ಹಂತಕ್ಕೆ ದಾಟುತ್ತದೆ. ಮೊದಲ ಊಟದಲ್ಲಿ ಅಂಟಿದ್ದನ್ನು ಉಣುಗು ಎರಡನೆಯ ಊಟದಲ್ಲಿ ಬೇರೊಬ್ಬರಿಗೆ ಕೊಡುವುದು ಸಾಧ್ಯವಾಗಿರುವುದು ಇದರಿಂದಲೇ.

ಕಾಲವೂ ಇದಕ್ಕೆ ತಕ್ಕಂತಿದೆ. ಮಳೆಗಾಲ ಮುಗಿದ ಮೇಲೆ ಮರಿಗಳು ಹೆಚ್ಚು, ಬೇಸಿಗೆಯ ಕಡೆಗೆ ನಡುಹಂತದವು ಹೆಚ್ಚು. ಮನುಷ್ಯರನ್ನು ಕಚ್ಚುವುದರಲ್ಲಿ ಈ ನಡುಹಂತದ್ದೇ ಮುಂದು. ನಾವು ಸೊಪ್ಪಿನ ಬೆಟ್ಟಕ್ಕೆ ಹೋಗಿ ಕೊಟ್ಟಿಗೆಗೂ ಗೊಬ್ಬರಕ್ಕೂ ದರಗು ಗುಡಿಸಿ ತರುವುದು ಅದೇ ತಿಂಗಳುಗಳಲ್ಲಿ. ಅಂದರೆ ಉಣುಗು ಪೊರೆ ಕಳಚಿ ಹಸಿದು ಕೂತಿರುವ ಹಾಸಿಗೆಯನ್ನೇ ತಲೆಯ ಮೇಲೆ ಹೊತ್ತು ತರುತ್ತೇವೆ. ಮಂಗ ಸತ್ತ ಸುದ್ದಿ ಬಂದ ಕಾಡಿಗೆ ಹೋಗಬೇಡಿ. ಹೋಗಲೇಬೇಕಾದರೆ ಮೈತುಂಬ ಬಟ್ಟೆ, ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ, ಬಂದ ಮೇಲೆ ಬಿಸಿನೀರಿನ ಸ್ನಾನ, ಮೈ ತಪಾಸಣೆ. ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲೇ ಹೇಳಿ.

ಕಾಳುಮೆಣಸಿನ ಬೇರಿನಲ್ಲಿ ಗಂಟು ಕಟ್ಟುವ ಹುಳುವೂ ಪೊರೆ ಬಿಡುತ್ತದೆಯೇ?

ಬಿಡುತ್ತದೆ, ನಾಲ್ಕು ಬಾರಿ. ದುಂಡುಹುಳುಗಳೆಲ್ಲದರ ಲೆಕ್ಕವೂ ಸಾಮಾನ್ಯವಾಗಿ ನಾಲ್ಕೇ. ಬೇರುಗಂಟು ಹುಳು ಮೊದಲನೆಯದನ್ನು ಮೊಟ್ಟೆಯೊಳಗೇ ಮುಗಿಸಿ ಹೊರಬರುತ್ತದೆ. ಆಗ ಅದು ಮಣ್ಣಿನ ತೇವದಲ್ಲಿ ನುಸುಳಿ ಬೇರಿನೊಳಗೆ ಸೇರುತ್ತದೆ. ಅಲ್ಲಿ ಒಂದೆಡೆ ನೆಲೆಯೂರಿ ಮೈ ಉಬ್ಬಿಸಿಕೊಂಡು, ಉಳಿದ ಮೂರು ಪೊರೆಗಳನ್ನು ಒಂದರ ಹಿಂದೊಂದು ಕಳಚುತ್ತದೆ. ಹೆಣ್ಣು ಕೊನೆಗೆ ಪುಟ್ಟ ಹೂಜಿಯಂತಾಗಿ ನೂರಾರು ಮೊಟ್ಟೆ ಇಡುತ್ತದೆ. ಬಳ್ಳಿ ನಿಧಾನವಾಗಿ ಸೊರಗುವುದಕ್ಕೆ ಇದು ಮತ್ತು ಬೇರು ಕೊರೆಯುವ ಇನ್ನೊಂದು ದುಂಡುಹುಳು ಎರಡೂ ಕಾರಣ. ಶುಂಠಿಯನ್ನೂ ಬೇರುಗಂಟು ಹುಳು ಬಿಡುವುದಿಲ್ಲ.

ಬರಿಗಾಲಿನಲ್ಲಿ ಒದ್ದೆ ತೋಟ ತಿರುಗುವವರಿಗೆ ಕೊಕ್ಕೆಹುಳುವಿನ ಬಗ್ಗೆಯೂ ಹೇಳಬೇಕು. ಅದರ ಮೂರನೆಯ ಹಂತದ ಮರಿ ಎರಡನೆಯ ಹಂತದ ಪೊರೆಯನ್ನು ಪೂರ್ತಿ ಬಿಸಾಡದೆ ಕಂಬಳಿಯಂತೆ ಹೊದ್ದುಕೊಂಡು ಮಣ್ಣಿನಲ್ಲಿ ಕಾಯುತ್ತದೆ. ಏನೂ ತಿನ್ನುವುದಿಲ್ಲ. ಅಂಗಾಲು ಸಿಕ್ಕಾಗ ಆ ಹೊದಿಕೆ ಬಿಟ್ಟು ಚರ್ಮದೊಳಗೆ ಇಳಿಯುತ್ತದೆ. ಚಪ್ಪಲಿ ಹಾಕಿ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ.

ಪೊರೆ ಬಿಟ್ಟರೆ ಇವುಗಳಲ್ಲಿ ಬೇರೆ ಸಮಾನ ಗುಣಗಳಿವೆಯೇ?

ಮೊದಲನೆಯದು ಕವಚದ ರಚನೆ. ಪದರಪದರವಾಗಿ, ಚರ್ಮದ ಕೋಶಗಳಿಂದಲೇ ಸ್ರವಿಸಿದ್ದು. ಎರಡನೆಯದು ಒಂದು ಕೊರತೆ. ಬಸವನಹುಳುವಿನ ಬಂಧುಗಳಲ್ಲಿ, ಅನೇಕ ಸಮುದ್ರಜೀವಿಗಳ ಮರಿಗಳಲ್ಲಿ ಮೈಮೇಲೆ ಸೂಕ್ಷ್ಮವಾದ ಬಡಿಯುವ ರೋಮಗಳಿರುತ್ತವೆ, ಅವುಗಳಿಂದಲೇ ಈಜುತ್ತವೆ. ಕವಚ ಹೊದ್ದ ಮೈಗೆ ಅದು ಸಾಧ್ಯವಿಲ್ಲ. ಈ ಬಳಗದಲ್ಲಿ ಹಾಗೆ ರೋಮ ಬಡಿದು ಈಜುವ ಮರಿ ಒಂದೂ ಇಲ್ಲ.

ಕವಚ ಕಟ್ಟುವ ಕೈಟಿನ್ ಎಂಬ ನಾರಿನಂಥ ವಸ್ತು ಎಲ್ಲದರಲ್ಲೂ ಇದೆ ಎಂದು ಗೈಡುಗಳಲ್ಲಿ ಬರೆದಿರುತ್ತಾರೆ. ಅದನ್ನು ಸ್ವಲ್ಪ ತಿದ್ದಬೇಕು. ಸಂಧಿಪದಿಗಳ ಕವಚದಲ್ಲಿ ಕೈಟಿನ್ ಹೌದು. ದುಂಡುಹುಳುವಿನ ಕವಚ ಮುಖ್ಯವಾಗಿ ಕೊಲಾಜನ್ ಎಂಬ ಪ್ರೋಟೀನಿನದು, ಕೈಟಿನ್ ಅದರ ಮೊಟ್ಟೆಯ ಚಿಪ್ಪಿನಲ್ಲಿದೆ. ಅಣಬೆಯಲ್ಲೂ ಕೈಟಿನ್ ಇರುವುದರಿಂದ ಅದೊಂದನ್ನೇ ಹಿಡಿದು ನೆಂಟಸ್ತಿಕೆ ಹೇಳಲಾಗದು. ಹಾರ್ಮೋನಿನ ವಿಷಯವೂ ಹೀಗೆಯೇ. ಪ್ರಯೋಗಾಲಯಗಳ ಪ್ರಸಿದ್ಧ ದುಂಡುಹುಳು ಸೀನೊರ‍್ಯಾಬ್ಡೈಟಿಸ್ ಎಲಿಗಾನ್ಸ್‌ನಲ್ಲಿ ಎಕ್ಡೈಸೋನನ್ನು ಗುರುತಿಸುವ ಗ್ರಾಹಕ ಪ್ರೋಟೀನಿನ ವಂಶವಾಹಿಯೇ ಇಲ್ಲ, ಆದರೂ ಅದು ಲೆಕ್ಕ ತಪ್ಪದೆ ನಾಲ್ಕು ಪೊರೆ ಕಳಚುತ್ತದೆ.

ಜೀವಮಾನದಲ್ಲಿ ಎಷ್ಟು ಸಲ?

ಜಾತಿಯ ಮೇಲೆ ಹೋಗುತ್ತದೆ. ರೆಕ್ಕೆ ಬಂದ ಮೇಲೆ ಕೀಟಗಳು ಕಳಚುವುದಿಲ್ಲ. ಹೊಳೆಯ ದಂಡೆಯಲ್ಲಿ ಸಂಜೆ ದೀಪಕ್ಕೆ ಮುತ್ತುವ, ಒಂದೆರಡು ದಿನದ ಬಾಳಿನ ಮೇಫ್ಲೈ ಒಂದೇ ಇದಕ್ಕೆ ಅಪವಾದ, ರೆಕ್ಕೆ ಬಂದ ಮೇಲೂ ಒಮ್ಮೆ ಕಳಚುತ್ತದೆ. ಹಳೆಯ ಪುಸ್ತಕಗಳ ನಡುವೆ ಓಡುವ ಬೆಳ್ಳಿಮೀನಿಗೆ ರೆಕ್ಕೆಯೇ ಬಾರದು, ಅದು ಸಾಯುವವರೆಗೂ ಕಳಚುತ್ತಲೇ ಇರುತ್ತದೆ. ಸಹಸ್ರಪದಿ ಮರಿಯಾಗಿ ಹುಟ್ಟುವ ಹೊತ್ತಿಗೆ ಬೆರಳೆಣಿಕೆಯ ಕಾಲುಗಳು, ಪ್ರತಿ ಪೊರೆಗೂ ಹೊಸ ಉಂಗುರ, ಹೊಸ ಕಾಲು ಸೇರುತ್ತವೆ.

ಕಳಚುವಾಗ ಸಾಯುವುದುಂಟೇ?

ಧಾರಾಳವಾಗಿ. ಒಂದು ಕಾಲು ಸಿಕ್ಕಿಕೊಂಡರೂ ಸಾಕು. ಉಸಿರಿನ ನಳಿಕೆಯ ಅಸ್ತರಿ ಎಳೆದುಕೊಳ್ಳುವ ಹೊತ್ತಿನಲ್ಲಿ ಉಸಿರೂ ಕಷ್ಟ. ಬೆಳಿಗ್ಗೆ ತೋಟದಲ್ಲಿ ಅರ್ಧ ಹೊರಬಂದು ಹಾಗೆಯೇ ಒಣಗಿದ ಜೀರುಂಡೆಗಳನ್ನೂ, ಅವನ್ನು ಹೊತ್ತೊಯ್ಯುತ್ತಿರುವ ಚಗಳಿ ಇರುವೆಗಳನ್ನೂ ನೋಡಿದ್ದೇನೆ.

ಬೇವಿನ ಕಷಾಯ ಹೇಗೆ ಕೆಲಸ ಮಾಡುತ್ತದೆ?

ಬೇವಿನಲ್ಲಿರುವ ಅಜಾಡಿರಾಕ್ಟಿನ್ ಕೀಟದ ಹಸಿವನ್ನು ಕೆಡಿಸುವುದರ ಜೊತೆಗೆ ಪೊರೆಯ ಹಾರ್ಮೋನಿನ ಲಯವನ್ನೂ ತಪ್ಪಿಸುತ್ತದೆ. ಸಿಂಪಡಿಸಿದ ತಕ್ಷಣ ಹುಳು ಉದುರಲಿಲ್ಲ ಎಂದು ಬೈಯಬೇಡಿ, ಅದು ಮುಂದಿನ ಪೊರೆಯಲ್ಲಿ ಸಿಕ್ಕಿಬೀಳುತ್ತದೆ. ಭತ್ತದ ಜಿಗಿಹುಳುವಿಗೆ ಬಳಸುವ ಬುಪ್ರೊಫೆಜಿನ್ ಕೈಟಿನ್ ತಯಾರಿಗೆ ಅಡ್ಡಿಪಡಿಸುತ್ತದೆ, ಆದ್ದರಿಂದ ಅದು ಮರಿಗಳಿಗೆ ತಗಲುವಷ್ಟು ಬೆಳೆದ ಹುಳುಗಳಿಗೆ ತಗಲುವುದಿಲ್ಲ. ಕೈಟಿನ್ ತಡೆಯುವ ಔಷಧಿಗಳಿಗೆ ಕೀಟವೂ ಒಂದೇ, ಏಡಿ ಸಿಗಡಿಯೂ ಒಂದೇ. ಹಳ್ಳದ ಪಕ್ಕದ ಗದ್ದೆಯವರು ಇದನ್ನು ನೆನಪಿಡಬೇಕು.

ಚೇಳು ಕತ್ತಲಲ್ಲಿ ಹೊಳೆಯುವುದು ನಿಜವೇ?

ನೇರಳಾತೀತ ಟಾರ್ಚು ಬಿಟ್ಟರೆ ಹಸಿರು ನೀಲಿಯಾಗಿ ಹೊಳೆಯುತ್ತದೆ. ಹೊಳಪು ಇರುವುದು ಗಟ್ಟಿಯಾದ ಕವಚದಲ್ಲಿ. ಆಗತಾನೇ ಪೊರೆ ಬಿಟ್ಟ ಚೇಳು ಹೊಳೆಯುವುದಿಲ್ಲ, ಬಿಗಿಯುತ್ತಾ ಬಂದ ಹಾಗೆ ಹೊಳಪು ಬರುತ್ತದೆ. ಮರಿಗಳು ಮೊದಲ ಪೊರೆ ಕಳಚುವವರೆಗೆ ತಾಯಿಯ ಬೆನ್ನಿನ ಮೇಲೇ ಇರುತ್ತವೆ.

ನೀರುಕರಡಿಯನ್ನು ನೋಡಬಹುದೇ?

ಮಲೆನಾಡಿನವರು ಕೇಳಬೇಕಾದ ಪ್ರಶ್ನೆಯೇ ಅಲ್ಲ. ಹೆಂಚಿನ ಮೇಲೆ, ಜಂಬಿಟ್ಟಿಗೆಯ ಗೋಡೆಯ ಮೇಲೆ ಪಾಚಿ ಬೆಳೆಯದ ಮನೆ ಎಲ್ಲಿದೆ? ಒಂದು ಹಿಡಿ ಪಾಚಿಯನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಹಿಂಡಿ, ತಳದ ಹನಿಯನ್ನು ಶಾಲೆಯ ಸೂಕ್ಷ್ಮದರ್ಶಕದಲ್ಲಿ ಇಡಿ. ಎಂಟು ದಪ್ಪ ಕಾಲುಗಳ ಮೇಲೆ ತೇಕುತ್ತಾ ನಡೆಯುವ ಪ್ರಾಣಿ ಸಿಕ್ಕರೆ ಅದೇ. ಕೆಲವು ಜಾತಿಯ ಹೆಣ್ಣುಗಳು ತಾವು ಕಳಚಿದ ಪೊರೆಯೊಳಗೇ ಮೊಟ್ಟೆ ಇಟ್ಟು ಹೋಗುತ್ತವೆ. ಖಾಲಿ ಅಂಗಿಯ ಜೇಬಿನಲ್ಲಿ ಗೋಲಿಗಳಂತೆ ಅವು ಒಳಗೆ ಸಾಲಾಗಿ ಕಾಣುತ್ತವೆ.

ಇವುಗಳ ಪಳೆಯುಳಿಕೆ ನಮ್ಮ ಕಡೆ ಸಿಗುವುದೇ?

ಟ್ರೈಲೋಬೈಟ್‌ಗಳು ಎಂದೋ ಅಳಿದುಹೋದ, ಸಮುದ್ರದಲ್ಲಿದ್ದ ಸಂಧಿಪದಿಗಳು. ಅವುಗಳ ಪಳೆಯುಳಿಕೆಗಳಲ್ಲಿ ಬಹಳಷ್ಟು ಸತ್ತ ಪ್ರಾಣಿಗಳದ್ದಲ್ಲ, ಕಳಚಿದ ಕವಚಗಳದ್ದು. ಆದರೆ ಅವು ಸುಮಾರು 52 ಕೋಟಿ ವರ್ಷಗಳ ಹಿಂದೆ ಕಾಣಿಸಿಕೊಂಡವು. ಶಿವಮೊಗ್ಗದ ಬಂಡೆಗಳು 250 ಕೋಟಿ ವರ್ಷಕ್ಕೂ ಹಳೆಯವು. ಹುಡುಕುವ ಶ್ರಮ ಬೇಡ.

ಜೀರುಂಡೆ ಪೊರೆ ಕಳಚುವುದನ್ನು ಕಣ್ಣಾರೆ ನೋಡಬೇಕಾದರೆ?

ಮಳೆ ಹಿಡಿಯುವ ಮುಂಚಿನ ವಾರಗಳಲ್ಲಿ, ಊಟವಾದ ಮೇಲೆ ಟಾರ್ಚು ಹಿಡಿದು ತೋಟಕ್ಕೆ ಹೋಗಿ. ಕಾಲಿಗೆ ಚಪ್ಪಲಿ ಇರಲಿ. ಮರದ ಬುಡದಿಂದ ಎದೆಯೆತ್ತರದವರೆಗೆ ನಿಧಾನವಾಗಿ ಬೆಳಕು ಬಿಡಿ. ಮಣ್ಣು ಮೆತ್ತಿಕೊಂಡು ಹತ್ತುತ್ತಿರುವುದು ಸಿಕ್ಕರೆ ಅಲ್ಲೇ ಕೂರಿ, ಅದು ಉಗುರು ಊರಿ ನಿಂತ ಮೇಲೆ ಮುಟ್ಟಬೇಡಿ. ಬೆನ್ನು ಸೀಳಿ, ತಿಳಿಹಸಿರು ಮೈ ಹೊರಗೆ ಬಾಗಿ, ಹಿಂದಕ್ಕೆ ಜೋತುಬಿದ್ದು, ಆಮೇಲೆ ಮೇಲೆದ್ದು ತನ್ನದೇ ಖಾಲಿ ಪೊರೆಯನ್ನು ಹಿಡಿದುಕೊಂಡು ರೆಕ್ಕೆ ಬಿಚ್ಚುತ್ತದೆ. ಮುದುಡಿದ ವೀಳ್ಯದೆಲೆಯಂತಿದ್ದ ರೆಕ್ಕೆಗಳು ನೋಡುತ್ತಿದ್ದ ಹಾಗೆ ಉದ್ದವಾಗಿ ಗಾಜಾಗುತ್ತವೆ. ಪೂರ್ತಿ ಮುಗಿಯಲು ಒಂದು ಗಂಟೆಯ ಮೇಲಾಗಬಹುದು, ಮಕ್ಕಳಿದ್ದರೆ ಕಂಬಳಿ ತೆಗೆದುಕೊಂಡು ಹೋಗಿ. ಜೀರುಂಡೆ ಬೆಳಗಾಗುವ ಮುಂಚೆ ಹಾರಿಹೋಗುತ್ತದೆ. ಪೊರೆ ಅಲ್ಲೇ ಇರುತ್ತದೆ. ಉಗುರು ಮುರಿಯದ ಹಾಗೆ ಬಿಡಿಸಿ ಅಂಗಿಗೆ ಸಿಕ್ಕಿಸಿಕೊಂಡರೆ ಸಂಜೆ ಶಾಲೆ ಬಿಡುವವರೆಗೂ ಉದುರುವುದಿಲ್ಲ.